ಹುಣಸೆಹುಳಿಯಲ್ಲಿ ನೆನೆದ ತೋಟೆಗಳು

ಸತ್ಯವತಿಯ ಕೈ ಬಲು ಬೇಗ ಏಳುತ್ತಿತ್ತು. ಮೈಸೂರಿನಲ್ಲಿ ಅವಳಪ್ಪ ಬೆಲ್ಟಿನಲ್ಲಿ ಬಾರಿಸುತ್ತಿದ್ದ. ಡಿಗ್ರಿ ಓದುವಾಗ ಒಂದು ದಿನ ಅದೇ ಬೆಲ್ಟು ಕಿತ್ತುಕೊಂಡು ಅವನ ಬೆನ್ನಿಗೇ ಬಿಟ್ಟಳು. ಅಪ್ಪ ಮತ್ತೆ ಹೊಡೆಯಲಿಲ್ಲ, ಇವಳು ನಿಲ್ಲಿಸಲಿಲ್ಲ. ಆಮೇಲೆ ನೆಲೆಸಿದ ಸಿಂಗಪುರದಲ್ಲಿ, ಪಾಸಿರ್ ಪಂಜಾಂಗಿನ ತನ್ನ ಶಿಪ್ಪಿಂಗ್ ಆಫೀಸಿಗೆ ಹೋಗುವ ಬಸ್ಸಿನಲ್ಲಿ ಸೊಂಟಕ್ಕೆ ಕೈಹಾಕಿದವನ ಬೆರಳು ಮುರಿದಳು. ಅದು ಸರಿಯಾದ ಕೆಲಸವೇ. ಆದರೆ ಹಾಲು ಚೆಲ್ಲಿದ್ದಕ್ಕೆ ಮಗಳು ಶ್ರೀಯಾಳ ಮೂಗಿನಲ್ಲಿ ರಕ್ತ ಬರಿಸಿದ್ದು ಸರಿಯಲ್ಲ. ಅವತ್ತು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಗೆಣ್ಣು ಒಡೆಯುವ ತನಕ ಗೋಡೆಗೆ ಗುದ್ದಿದಳು.

ಆಫೀಸಿನ ಕೇಶವ ಅವಳನ್ನು ತನ್ನ ಶೂಟಿಂಗ್ ಕ್ಲಬ್ಬಿಗೆ ಕರೆದೊಯ್ದ. ರೈಫಲ್ಲು ಭುಜಕ್ಕೆ ಒದ್ದ ಮೊದಲ ಏಟಿಗೇ ಮೈಯೆಲ್ಲ ಸಡಿಲವಾಯಿತು. ಭಾನುವಾರ ಅಲ್ಲಿ ಹೊಡೆದು ಬಂದರೆ ವಾರವಿಡೀ ಮನೆಯಲ್ಲಿ ಕೈ ಏಳುತ್ತಿರಲಿಲ್ಲ. ಗಂಡ ಮಹಾಬಲೇಶ್ವರನಿಗೆ ಇದು ತಿಳಿದು, ತಾನೂ ಮೆಂಬರ್ ಆದ.

ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆ ತೋಟೆಗಳಿಗೆ ಮತ್ತೆ ಮದ್ದು ತುಂಬಲು ಆ ಕ್ಲಬ್ಬಿನಲ್ಲಿ ಪರವಾನಗಿಯ ಕೋಣೆಯೊಂದಿತ್ತು. ಖಾಲಿ ತೋಟೆ ಒಂದೂ ಗೇಟು ದಾಟುವಂತಿಲ್ಲ. ಕೋಣೆಯ ಉಸ್ತುವಾರಿ ಕೇಶವನದು. ೨೦೧೪ರಲ್ಲಿ ತೋಟೆ ತೊಳೆಯುವ ಹಳೇ ಮಿಷನ್ ಕೆಟ್ಟಿತು.

"ಮೂರು ಥರ ಇದೆ," ಅಂದ ಕೇಶವ. "ಜೋಳದ ದಿಂಡಿನ ನುಚ್ಚು ಹಾಕಿ ಅಲ್ಲಾಡಿಸೋ ಬೋಗುಣಿ, ಕನ್ನಡಕದ ಅಂಗಡೀಲಿರೋ ಥರ ಅಲ್ಟ್ರಾಸಾನಿಕ್ ತೊಟ್ಟಿ, ಇಲ್ಲಾ ನೀರು, ಸೋಪು, ಉಕ್ಕಿನ ಸಣ್ಣ ಕಡ್ಡಿ ಹಾಕಿ ತಿರುಗಿಸೋ ಡ್ರಮ್."

ಮಹಾಬಲೇಶ್ವರ ನಕ್ಕ. "ಹಿತ್ತಾಳೆ ಉಜ್ಜಕ್ಕೆ ಮಿಷನ್ನಾ? ನಮ್ಮಜ್ಜಿ ಹುಣಸೆಹಣ್ಣು ಉಪ್ಪು ಹಾಕಿ ಉಜ್ಜಿದ್ರೆ ದೀಪದ ಕಂಬದಲ್ಲಿ ಮುಖ ಕಾಣ್ತಿತ್ತು."

"ದೀಪದ ಕಂಬ ಸಿಡಿಯಲ್ಲ ಗುರೂ."

"ಸುಮ್ನಿರಯ್ಯ, ಇಂಜಿನಿಯರ್ ನಾನೋ ನೀನೋ?"

ಕೇಶವ ರಜೆಗೆ ಹೋದ ವಾರ ಕೋಣೆ ಮಹಾಬಲೇಶ್ವರನ ಕೈಗೆ ಬಂತು. ಒಂದು ಬಕೆಟ್ ಹುಣಸೆರಸ, ಬೊಗಸೆ ಉಪ್ಪು. ತೋಟೆಗಳನ್ನು ಮುಳುಗಿಸಿಟ್ಟು ಮನೆಗೆ ಹೋದ. ಮರುದಿನ ಜಾಲಿಸಿ, ಒಣಗಿಸಿ, ಮದ್ದು ತುಂಬಿದ. ತೋಟೆಗಳು ಎಳೆ ಕೆಂಪಿಗೆ ತಿರುಗಿ ಫಳಫಳ ಅನ್ನುತ್ತಿದ್ದವು.

"ಏನ್ರೀ, ದೀಪಾವಳಿ ಬಂತಾ?" ಅಂತ ಸತ್ಯವತಿಯೂ ಹಿಗ್ಗಿದಳು.

ಭಾನುವಾರ ಅವಳು ಹೊಡೆದ ಮೊದಲ ಕೆಲವು ತೋಟೆ ಹೇಗೋ ತಡೆದುಕೊಂಡವು. ಆಮೇಲಿನದು ರೈಫಲ್ಲಿನ ಒಳಗೇ ಸೀಳಿತು. ಬೆಂಕಿ, ಹೊಗೆ, ಹಿತ್ತಾಳೆ ಚೂರು ಹಿಂದಕ್ಕೆ ಅವಳ ಮುಖಕ್ಕೇ ನುಗ್ಗಿದವು. ಕನ್ನಡಕ ಕಣ್ಣುಳಿಸಿತು, ಕೆನ್ನೆ ಉಳಿಯಲಿಲ್ಲ. ರಕ್ತ ಕತ್ತಿಗಿಳಿಯುತ್ತಿರುವಾಗಲೇ ಎದ್ದು ಗಂಡನ ಬಾಯಿಗೆ ಗುದ್ದಿದಳು. ಹಲ್ಲು ಸಿಮೆಂಟಿನ ಮೇಲೆ ಬಿತ್ತು.

"ಕೊಂದೇ ಬಿಡ್ತಿದ್ಯಲ್ಲೋ ನನ್ನ!"

ಅವನು ಬಗ್ಗಿ ಹಲ್ಲನ್ನು ಹೆಕ್ಕಿಕೊಂಡ. ತಿರುಗಿ ಹೊಡೆಯಲಿಲ್ಲ. ಹೊಡೆಯಲು ಯಾವ ಮುಖ?

ಕೇಶವ ಬಂದವನೇ ಉಳಿದ ತೋಟೆಗಳನ್ನು ಬೆಳಕಿಗೆ ಹಿಡಿದ. "ಈ ಕೆಂಪು ಹೊಳಪಲ್ಲ ಕಣೋ, ರೋಗ. ಹಿತ್ತಾಳೆ ಅಂದ್ರೆ ತಾಮ್ರ, ಸತು. ಹುಳಿ ಉಪ್ಪು ಸೇರಿ ಸತುವನ್ನ ತಿಂದು ಹಾಕಿವೆ. ಮಿಕ್ಕಿದ್ದು ಟೊಳ್ಳು."

ಹೊಲಿಗೆ ಬಿಚ್ಚಿದ ಮೇಲೆ ಸತ್ಯವತಿ ಮತ್ತೆ ರೈಫಲ್ ಹಿಡಿದಳು. ಅದರ ಮರದ ಹಿಡಿಗೆ ಕೆನ್ನೆ ತಾಗಿದ್ದೇ ದವಡೆ ಗಡಗಡ ನಡುಗಿತು. ಕೆಳಗಿಟ್ಟು ಬಂದಳು. ಮುಂದಿನ ಭಾನುವಾರವೂ ಅದೇ ಕಥೆ.

ಜುರಾಂಗ್ ವೆಸ್ಟಿನ ಮನೆಯಲ್ಲಿ ಮತ್ತೆ ಕೈ ಎದ್ದಿತು. ಸಾರು ಸಪ್ಪೆ ಅಂದ ಗಂಡನ ಹಣೆಗೆ ಸ್ಟೀಲ್ ತಟ್ಟೆ ಬೀಸಿದಳು, ಹುಬ್ಬು ಸೀಳಿತು. "ಸಾಕಮ್ಮಾ, ಸ್ಟಾಪ್ ಲಾ!" ಅಂತ ಶ್ರೀಯಾ ಅಡ್ಡ ಬಂದಳು. ಕೈ ಅವಳ ಮೇಲೆಯೇ ಎದ್ದಿತು. ಮಗು ಎರಡೂ ತೋಳಲ್ಲಿ ಮೂಗು ಮುಚ್ಚಿಕೊಂಡು ಗೋಡೆಗೆ ಒತ್ತಿ ನಿಂತಿತು. ಸತ್ಯವತಿ ಎತ್ತಿದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಇಳಿಸಬೇಕಾಯಿತು.

ಮರುದಿನ ಆಫೀಸಿಗೆ ಹೋದವಳೇ ಕೇಶವನ ಟೇಬಲ್ ಕುಟ್ಟಿದಳು. "ಮಿಷನ್ ತರ್ಸು. ನಾನು ಗುಂಡು ಹೊಡೀಲಿಲ್ಲ ಅಂದ್ರೆ ನನ್ ಮಗು ಉಳಿಯಲ್ಲ."

"ಬೋಗುಣಿ ಸಾಕಾ? ಕೆಲಸ ಸುಲಭ."

"ಅದರ ಧೂಳಲ್ಲಿ ಸುಟ್ಟ ಮದ್ದಿನ ಸೀಸ ಇರುತ್ತೆ. ಅದನ್ನ ಮೈಗಂಟಿಸ್ಕೊಂಡು ಮನೆಗೆ ಹೋಗ್ಲಾ?"

"ತೊಟ್ಟಿ?"

"ಹಿಡಿಯೋದು ಒಂದು ಮುಷ್ಟಿ. ಡ್ರಮ್ ತರ್ಸು. ಕಡ್ಡಿ ಆರಿಸೋದು, ಒಣಗಿಸೋದು ರೇಜಿಗೆ ಕೆಲಸ. ಅದನ್ನ ನನ್ ಗಂಡ ಮಾಡ್ತಾನೆ."

ಡ್ರಮ್ ಬಂತು. ಅದಕ್ಕೆ ಮೊದಲು ಹುಳಿ ತಿಂದ ತೋಟೆಗಳ ಗುಂಡು, ಮದ್ದು ತೆಗೆದು ಎಲ್ಲವನ್ನೂ ಮಹಾಬಲೇಶ್ವರನೇ ಸುತ್ತಿಗೆಯಲ್ಲಿ ಜಜ್ಜಬೇಕಾಯಿತು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಸತ್ಯವತಿ ಎದುರಿಗೇ ಕೈಕಟ್ಟಿ ನಿಂತಿದ್ದಳು. ಆಮೇಲೆ ಅವನು ಹುಳಿ ಸೋಕದ ಬೇರೆ ತೋಟೆಗಳನ್ನು ಡ್ರಮ್ಮಿಗೆ ಹಾಕಿದ, ಕಡ್ಡಿ ಒಂದೊಂದೇ ಉದುರಿಸಿದ, ಒಣಗಿಸಿದ. ಕೇಶವ ಪ್ರತಿಯೊಂದನ್ನೂ ದೀಪಕ್ಕೆ ಹಿಡಿದು ನೋಡಿ ಮದ್ದು ತುಂಬಿದ.

ಭಾನುವಾರ ಕ್ಲಬ್ಬಿನ ಶೂಟಿಂಗ್ ರೇಂಜಿನಲ್ಲಿ ಅವಳು ರೈಫಲ್ಲನ್ನು ಗಂಡನ ಮುಂದೆ ಸರಿಸಿದಳು.

"ತೊಳೆದಿದ್ದು ನೀನು. ಮೊದಲು ನಿನ್ ಕೆನ್ನೆ ಇಡು."

ಹಲ್ಲಿಲ್ಲದ ಸಂದಿಯನ್ನು ಅವನ ನಾಲಿಗೆ ತಡವಿತು. "ಸತ್ಯಾ, ಕೇಶವ ಎಲ್ಲಾ ನೋಡಿದಾನೆ..."

"ಇಡು ಅಂದೆ."

ಇಟ್ಟ. ಕಣ್ಣು ಮುಚ್ಚಿಕೊಂಡು ಟ್ರಿಗರ್ ಎಳೆದ. ರೈಫಲ್ ಒದ್ದಿತು, ಅಷ್ಟೇ. ಗುಂಡು ಎಲ್ಲಿಗೆ ಹೋಯಿತೋ. ತೋಟೆ ಮಾತ್ರ ಇಡಿಯಾಗಿ ಹೊರಬಿತ್ತು. ಸತ್ಯವತಿ ಅದನ್ನೆತ್ತಿ ಬಿರುಕಿದೆಯಾ ಅಂತ ಉಗುರಿನಲ್ಲಿ ಸುತ್ತಲೂ ಗೀರಿ ನೋಡಿದಳು. ಆಮೇಲೆ ಅವನನ್ನು ಬದಿಗೆ ನೂಕಿ ರೈಫಲ್ಲಿನ ಹಿಂದೆ ಬೋರಲು ಮಲಗಿದಳು. ದವಡೆ ನಡುಗಿತು. ನಡುಗುತ್ತಲೇ ಹೊಡೆದಳು. ಗುಂಡು ಗುರಿಹಾಳೆಯ ಮೂಲೆ ಸೀಳಿತು.

"ಥೂ," ಅಂದಳು. "ಇನ್ನೊಂದು ಕೊಡು."