ಸಟವಾಯಿಗೆ ಕೊಟ್ಟ ವಿಳಾಸ

ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ನಾನು ನರ್ಸು. ತೂಕ ಕಡಿಮೆಯಿರುವ ಕೂಸುಗಳ ವಾರ್ಡು ನನ್ನದು. ಹೋದ ವರ್ಷ ನಾಲ್ಕನೇ ನಂಬರಿನ ಗಾಜಿನ ಪೆಟ್ಟಿಗೆಯಲ್ಲಿದ್ದದ್ದು ಖಾನಾಪುರದ ಕಾಡಂಚಿನ ಗೌಳಿಗರ ಕೂಸು, ಒಂದೂವರೆ ಕಿಲೋನೂ ಇರಲಿಲ್ಲ. ಇನ್ನು ಹತ್ತು ದಿನದೊಳಗೆ ಹೊರಗೆ ತೆಗೆದರೆ ಉಳಿಯುವುದು ಕಷ್ಟ ಎಂದಿದ್ದರು ಡಾಕ್ಟರು. ನಾಲ್ಕನೇ ದಿನ ನೋಡಿದರೆ ಅದರ ಅಜ್ಜಿ ಊರಿಗೆ ಹೊರಡಲು ಗಂಟು ಕಟ್ಟುತ್ತಿದ್ದಾಳೆ!

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಆಯಿ, ಕೂಸು ಉಳೀಬೇಕೋ ಬ್ಯಾಡೋ?" ಎಂದು ಜೋರು ಮಾಡಿದೆ.

ಆಕೆಯೇನೂ ಹೆದರಲಿಲ್ಲ. "ಉಳೀಬೇಕಂತನ ಒಯ್ಯಾಕತ್ತೇನ್ರಿ ಅಕ್ಕಾರ. ನಾಳೆ ಐದನೇ ದಿನ. ಸಟವಾಯಿ ದೇವಿ ಹಣೆಬರಹ ಬರಿಯಾಕ ಮನಿಗಿ ಬರ್ತಾಳ. ಕೂಸ ಇಲ್ಲಂದ್ರ ಯಾರ ಹಣಿ ಮ್ಯಾಲ ಬರೀಬೇಕ್ರಿ ಆಕಿ?"

ಆ ಕಡೆಯ ಎಷ್ಟೋ ಕೂಸುಗಳನ್ನು ಸರಿಯಾಗಿ ಐದನೇ ದಿನಕ್ಕೇ ಒಯ್ದಿದ್ದರು. ಪ್ರತಿ ಸಲ 'ಡಾಕ್ಟರ ಮಾತು ಕೇಳದೆ ಹೋದರು' ಎಂದು ಬರೆದು, ತಿಳಿವಳಿಕೆಯಿಲ್ಲದ ಜನ ಎಂದು ಕೈ ತೊಳೆದುಕೊಂಡವಳು ನಾನು. ಯಾಕೆ ಎಂದು ಒಬ್ಬರನ್ನೂ ಕೇಳಿರಲಿಲ್ಲ. ನಾಚಿಕೆಯಾಯಿತು.

"ಇಲ್ಲೀ ಅಡ್ರೆಸ್ ಕೊಟ್ರ ಆಕಿ ಇಲ್ಲಿಗೇ ಬರೂದಿಲ್ಲೇನು ಆಯಿ?"

ಅಜ್ಜಿ ಗಂಟು ಸಡಿಲಿಸಿದಳು. "ಎಷ್ಟನೇ ಮಾಳಗಿ ಅಂತನೂ ಬರೀರಿ ಮತ್ತ. ನನಗ ಮೂರ ಸಲ ದಾರಿ ತಪ್ಪೈತಿ."

ಬರೆದೆ: ಎರಡನೇ ಮಾಳಿಗೆ, ಲಿಫ್ಟಿನ ಎಡಕ್ಕೆ, ನಾಲ್ಕನೇ ನಂಬರು. ಕನ್ನಡವೋ ಮರಾಠಿಯೋ ಎಂದರೆ, "ಎರಡೂ ಬರೀರಿ, ಖಾನಾಪುರದಾಕಿ ಆಕಿ" ಎಂದಳು. ಚೀಟಿಯ ಫೋಟೋ ಊರಲ್ಲಿರುವ ಮಗನಿಗೆ ಕಳಿಸುವುದು, ನಾಳೆ ಸಂಜೆ ಪೂಜೆ ಮಾಡಿ ಅವನು ಅದನ್ನು ಸಟವಾಯಿಗೆ ಓದಿ ಹೇಳುವುದು ಎಂದಾಯಿತು.

"ತಡೀರಿ," ಎಂದಳು ಅಜ್ಜಿ. ಐದನೇ ನಂಬರಿನ ಕೂಸು ಇನ್ನೂ ಸಣ್ಣದು. ಅದರ ತಾಯಿ, ಪೀರನವಾಡಿಯ ಮುಸ್ಲಿಂ ಹುಡುಗಿ, ಯಾರ ಜೊತೆಗೂ ಮಾತಾಡದೆ ಮೂರು ದಿನದಿಂದ ಜಪಮಣಿ ಎಣಿಸುತ್ತ ಕುಳಿತಿದ್ದಳು. "ಐದನೇ ನಂಬರನೂ ಬರೀರಿ. ಇಷ್ಟ ದೂರ ಬಂದಾಕಿ ಬಾಜೂದ ಕೂಸಿನ ಹಣಿ ಖಾಲಿ ಬಿಟ್ಟ ಹೋಗೂದಂದ್ರ ಹೆಂಗ್ರಿ?"

ತಾಯಿಯನ್ನು ಕೇಳದೆ ಬರೆಯುವುದು ಸರಿಯಲ್ಲ ಎನಿಸಿತು. ಅಂಜುತ್ತಲೇ ಕೇಳಿದೆ. ಆ ಹುಡುಗಿ ಮೊದಲ ಸಲ ನಕ್ಕಳು.

"ಬರೀರಿ ಅಕ್ಕಾ. ನಾನೂ ಮೂರು ದಿನದಿಂದ ಎರಡೂ ಕೂಸಿಗೆ ದುವಾ ಮಾಡಾಕತ್ತೇನಿ."

ಎರಡೂ ಕೂಸುಗಳು ಅಲ್ಲೇ ಹನ್ನೆರಡು ದಿನ ಇದ್ದು, ಇಡೀ ಮಾಳಿಗೆಗೆ ಕೇಳಿಸುವ ಹಾಗೆ ಅಳುತ್ತ ಮನೆಗೆ ಹೋದವು.