ದ್ವಾರಕಾನಾಥರ ಪಿಸ್ತೂಲು ಲೈಸೆನ್ಸು

ದ್ವಾರಕಾನಾಥರು ಹುಟ್ಟಿದಾರಭ್ಯ ಕೈಯಲ್ಲಿ ಹಿಡಿದಿದ್ದ ಬಂದೂಕೆಂದರೆ ದೀಪಾವಳಿಯ ಕೇಪು ಹೊಡೆಯುವ ತಗಡಿನ ಪಿಸ್ತೂಲು ಒಂದೇ. ಅದರ ಸದ್ದಿಗೂ ಹೆದರಿ, ತಂಗಿ ಕಮಲಾಕ್ಷಿಯ ಕೈಗೆ ಕೊಟ್ಟು ತಾವು ಬಾಗಿಲ ಹಿಂದೆ ನಿಲ್ಲುತ್ತಿದ್ದರಂತೆ. ಅಂಥ ಮನುಷ್ಯ ಐವತ್ತು ದಾಟಿದ ಮೇಲೆ, 2014ರಲ್ಲಿ, ನೈರೋಬಿಯಲ್ಲಿ ಪಿಸ್ತೂಲಿನ ಲೈಸೆನ್ಸಿಗೆ ಅರ್ಜಿ ಹಾಕಿದರು ಅಂದರೆ ಯಾರು ತಾನೇ ನಂಬುತ್ತಾರೆ? ಅದೂ ಎಂಥ ಲೈಸೆನ್ಸು ಅಂತೀರಿ! ಪಿಸ್ತೂಲನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಊರೆಲ್ಲ ಓಡಾಡುವ ಲೈಸೆನ್ಸು.

ಅವರನ್ನು ಬಲ್ಲವರಿಗೆ ಇದು ನಗುವ ವಿಷಯವೇ. ಬೆಂಗಳೂರಿನ ಕಂಪನಿಯೊಂದು ಬ್ಯಾಂಕಿನ ಕಂಪ್ಯೂಟರ್ ಕೆಲಸಕ್ಕೆಂದು ಅವರನ್ನು ಇಲ್ಲಿಗೆ ಕಳಿಸಿತ್ತು. ವಾಪಸು ಕರೆದಾಗ ಹೋಗಲು ಮನಸ್ಸಾಗಲಿಲ್ಲ. ನೈರೋಬಿಯ ತಂಪು ಹವೆ ಮೈಸೂರಿನದ್ದೇ ಅನ್ನಿಸಿಬಿಟ್ಟಿತ್ತು. ರಾಜೀನಾಮೆ ಬಿಸಾಕಿ, ವಿಮಾನ ನಿಲ್ದಾಣದ ಬಳಿಯ ಎಂಬಕಸಿಯಲ್ಲಿ ವಿಮಾನದ ಸರಕು ಸಾಗಿಸುವ ಕಂಪನಿಗೆ ಸೇರಿ, ಕಾಲಕ್ರಮೇಣ ಈ ದೇಶದ ಪೌರತ್ವವನ್ನೂ ಪಡೆದು ಲ್ಯಾವಿಂಗ್ಟನ್ ಬಡಾವಣೆಯಲ್ಲಿ ಸಂಸಾರ ಹೂಡಿದರು. ಜನ ತುಂಬಿಕೊಂಡು ಓಡುವ ಮಟಾಟು ವ್ಯಾನುಗಳು ಅಡ್ಡ ನುಗ್ಗಿದರೆ ಬೈಯದೆ ದಾರಿ ಬಿಡುವ ಡ್ರೈವರು ಇಡೀ ನೈರೋಬಿಯಲ್ಲಿ ಇವರೊಬ್ಬರೇ ಇರಬೇಕು. ಹೆಂಡತಿ ಹಂಸಾ, ಹೈಸ್ಕೂಲು ಓದುವ ಮಗಳು ಪ್ರಣತಿ, ಭಾನುವಾರ ಸುಕುಮಾ ಸೊಪ್ಪಿನ ಹುಳಿ, ಸಂಜೆ ದೇವಸ್ಥಾನ. ಇಷ್ಟೇ ಅವರ ಬದುಕು.

ಅರ್ಜಿ ಹಾಕುವ ಕೆಲವು ತಿಂಗಳ ಮೊದಲು, ಒಂದು ಭಾನುವಾರ ಗಂಡ ಹೆಂಡತಿ ದೇವಸ್ಥಾನದಿಂದ ಮರಳಿ ಮನೆಯ ಗೇಟಿನ ಮುಂದೆ ಕಾರು ನಿಲ್ಲಿಸಿದ್ದರು. ಕಾವಲುಗಾರ ವಿನ್ಸೆಂಟ್ ಗೇಟು ತೆಗೆಯುತ್ತಿದ್ದ. ಅಷ್ಟರಲ್ಲಿ ಹಿಂದೆ ಇನ್ನೊಂದು ಕಾರು ಬಂದು ಒತ್ತಿ ನಿಂತಿತು, ಮೂವರು ಇಳಿದರು. ಒಬ್ಬ ಹಂಸಾ ಕೂತಿದ್ದ ಕಡೆಯ ಕಿಟಕಿಯಿಂದ ಪಿಸ್ತೂಲು ತೂರಿಸಿ "ಲೇಟಾ! ಲೇಟಾ!" ಎಂದು ಅರಚಿದ. ಇಲ್ಲಿನ ಭಾಷೆಯಲ್ಲಿ ತಾ, ತಾ ಅಂತ. ಪರ್ಸು ಹೋಯಿತು, ಫೋನುಗಳು ಹೋದವು, ಬಳೆ ಹೋಯಿತು. ಕೊನೆಗೆ ಅವನು ಪಿಸ್ತೂಲಿನ ತುದಿಯಿಂದ ಹಂಸಾ ಅವರ ಕತ್ತು ತೋರಿಸಿದ. ಹಂಸಾ ಕಲ್ಲಾಗಿ ಕೂತಿದ್ದರು. ದ್ವಾರಕಾನಾಥರೇ ಬಗ್ಗಿ, ಕೊಂಡಿ ಬಿಡಿಸಿ, ತಾವೇ ಕಟ್ಟಿದ ತಾಳಿಯನ್ನು ತಾವೇ ತೆಗೆದು ಕೊಟ್ಟರು.

ಸುದ್ದಿ ಕೇಳಿ ಮೈಸೂರಿನಿಂದ ಕಮಲಾಕ್ಷಿ ಫೋನು ಮಾಡಿದರು. "ಅತ್ತಿಗೆ, ಬರಿ ಕತ್ತಲ್ಲಿ ಇರಬೇಡಿ. ಹೊಸದು ಆಗೋವರ್ಗೂ ಅರಿಶಿನದ ದಾರಕ್ಕೆ ಅರಿಶಿನದ ಕೊಂಬು ಕಟ್ಕೊಳ್ಳಿ." ಹಂಸಾ ಹಾಗೇ ಮಾಡಿದರು. ಪಾಪ, ದ್ವಾರಕಾನಾಥರು ಮಾರನೇ ವಾರವೇ ಚಿನ್ನದಂಗಡಿಗೆ ಹೊರಟರೆ ಹಂಸಾ "ಈಗ ಬೇಡ ಬಿಡ್ರೀ" ಅಂದರು. ತಿಂಗಳು ಕಳೆದು ಕೇಳಿದರೂ ಅದೇ ಮಾತು. ಆ ಕೊಂಬು ಕಣ್ಣಿಗೆ ಬಿದ್ದಾಗಲೆಲ್ಲ ದ್ವಾರಕಾನಾಥರು ಮುಖ ತಿರುಗಿಸುತ್ತಿದ್ದರು. ಕಾಯಲಾರದ ಗಂಡ ಇರುವ ಮನೆಯಲ್ಲಿ ಚಿನ್ನ ಯಾಕೆ ಅಂತಲೇ ಇವಳು ಹೇಳುತ್ತಿರುವುದು ಎಂದು ಅವರೇ ತೀರ್ಮಾನಿಸಿಬಿಟ್ಟರು. ಬಾಯಿಬಿಟ್ಟು ಕೇಳಲು ಧೈರ್ಯ ಬರಲಿಲ್ಲ.

ಊರಿನ ಕನ್ನಡಿಗರ ಯುಗಾದಿಯ ಊಟದಲ್ಲಿ ಚಂದ್ರಶೇಖರ್ ಎಂಬ ಟೆಲಿಕಾಂ ಮಹಾಶಯ ಹೋಳಿಗೆ ಮುರಿಯುತ್ತಾ, "ಕಾರ್ ಬೇಕಾದ್ರೆ ಕೊಡಿ ಸಾರ್. ತಾಳೀನ ಗಂಡ ಆದವ್ನೇ ಬಿಚ್ಚಿ ಕೊಡೋದು ಅಂದ್ರೆ ಟೂ ಮಚ್ ಅಲ್ವಾ?" ಎಂದು ನಕ್ಕ. ಪಂಕ್ತಿಯಲ್ಲಿದ್ದವರೂ ನಕ್ಕರು. ನಾಲಿಗೆಗೆ ಮೂಳೆ ಇಲ್ಲದ ಮನುಷ್ಯ, ಎಲೆಯ ಮುಂದೆ ಕೂತು ಆಡುವ ಮಾತೇ ಅದು? ದ್ವಾರಕಾನಾಥರು ಪಾಯಸಕ್ಕೆ ಕಾಯದೆ ಎದ್ದುಬಂದರು. ಅರ್ಜಿ ಹಾಕಿದ್ದು ಅದಾದ ವಾರ.

ಆಮೇಲೆ ಶುರುವಾಯಿತು ನೋಡಿ ಅವರ ಅವತಾರ. ಪೊಲೀಸರ ಸನ್ನಡತೆ ಪತ್ರ ತಂದರು, ತಲೆ ನೆಟ್ಟಗಿದೆ ಎಂದು ಡಾಕ್ಟರ ಕೈಲಿ ಬರೆಸಿಕೊಂಡರು, ಶನಿವಾರಗಳಂದು ಗುರಿ ಅಭ್ಯಾಸಕ್ಕೆ ಹೋಗಿ ಭುಜ ನೋಯಿಸಿಕೊಂಡು ಬಂದರು. ಮಲಗುವ ಕೋಣೆಯ ಗೋಡೆ ಕೊರೆಸಿ ಉಕ್ಕಿನ ಪೆಟ್ಟಿಗೆ ಕೂರಿಸಿದರು. ಬೊಜ್ಜಿನ ಮೇಲೆ ಪಿಸ್ತೂಲು ಎದ್ದು ಕಾಣುತ್ತದೋ ಏನೋ ಎಂಬ ಚಿಂತೆ ಬೇರೆ. ಅದಕ್ಕೆ ಟೀವಿಯ ರಿಮೋಟನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಅಂಗಿ ಬಿಟ್ಟು, ಕನ್ನಡಿಯ ಮುಂದೆ ಹಿಂದಕ್ಕೂ ಮುಂದಕ್ಕೂ ನಡೆದರು. "ಅಪ್ಪಾ, ವೇರ್ ಈಸ್ ದ ರಿಮೋಟ್?" ಎಂದು ಪ್ರಣತಿ ಮನೆಯೆಲ್ಲ ಹುಡುಕುತ್ತಿದ್ದಳು. ಹಂಸಾ ಎಲ್ಲವನ್ನೂ ನೋಡುತ್ತಿದ್ದರು.

ಕೊನೆಗೆ ಒಂದು ಬೆಳಗ್ಗೆ ಮನೆಯವರನ್ನು ವಿಚಾರಿಸಲು ಫಿಲೋಮಿನಾ ಎಂಬ ಪೊಲೀಸ್ ಅಧಿಕಾರಿ ಬಂದರು. ಗಟ್ಟಿ ಮೈಕಟ್ಟಿನ, ನಿಧಾನ ಮಾತಿನ ಹೆಂಗಸು. ಗೋಡೆಯ ಪೆಟ್ಟಿಗೆ ಎಳೆದು ನೋಡಿದರು, ಕಾಫಿ ಕುಡಿದರು. ಹೆಂಡತಿ ಒಪ್ಪದಿದ್ದರೆ ಅರ್ಜಿ ಮುಂದೆ ಹೋಗುವುದು ಕಷ್ಟ ಎಂದು ಹೇಳಿ, ದ್ವಾರಕಾನಾಥರನ್ನು ಹೊರಗೆ ಕೂರಲು ಕಳಿಸಿದರು. ಅವರು ವೆರಾಂಡಾದಲ್ಲಿ ಕೂತರು. ಕಿಟಕಿ ತೆರೆದೇ ಇತ್ತು, ಹಂಸಾ ಅವರದ್ದೋ ಮೊದಲೇ ದೊಡ್ಡ ಗಂಟಲು. ಇಂಗ್ಲಿಷಿನಲ್ಲಿ ನಡೆದ ಮಾತೆಲ್ಲ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಮಾಮಾ ಪ್ರಣತಿ," ಎಂದರು ಫಿಲೋಮಿನಾ, ಈ ಊರಿನಲ್ಲಿ ಮಕ್ಕಳ ಹೆಸರು ಹಿಡಿದು ತಾಯಿಯನ್ನು ಕರೆಯುವಂತೆ. "ಇವರು ಕುಡಿಯುತ್ತಾರಾ? ನಿಮ್ಮ ಮೇಲೆ ಕೈ ಎತ್ತುತ್ತಾರಾ?"

"ಇವರಾ? ಜಿರಲೆಗೂ ನಾನೇ ಹೊಡೀಬೇಕು."

"ಇವರ ಹತ್ತಿರ ಪಿಸ್ತೂಲು ಇದ್ದರೆ ನಿಮಗೆ ಧೈರ್ಯವೇ?"

ದ್ವಾರಕಾನಾಥರು ಕಿಟಕಿಯತ್ತ ಕಿವಿ ಚಾಚಿದರು. ಇಷ್ಟು ದಿನ ಯಾವ ಮಾತಿಗೆ ಹೆದರಿದ್ದರೋ ಅದು ಈಗ ಬರುತ್ತದೆ, ಅದೂ ಪರದೇಶದ ಪೊಲೀಸಿನವಳ ಮುಂದೆ ಎಂದುಕೊಂಡರು.

"ಆವತ್ತು ಆ ಕಳ್ಳ ಪಿಸ್ತೂಲನ್ನ ನನ್ನ ಕತ್ತಿಗೇ ಹಿಡಿದಿದ್ದ ಮೇಡಂ," ಹಂಸಾ ಹೇಳಿದರು. "ಕೊಂಡಿ ಕೂದಲಿಗೆ ಸಿಕ್ಕಾಕ್ಕೊಂಡಿತ್ತು. ನನಗೆ ಕೈಯೇ ಏಳ್ಲಿಲ್ಲ. ಕಿತ್ಕೊಳ್ಳೋಕೆ ಹೋಗಿ ಗುಂಡು ಹಾರಿಸಿಬಿಡ್ತಾನೆ ಅಂದ್ಕೊಂಡೆ. ಆಗ ಇವರು ಅಡ್ಡ ಬಗ್ಗಿದ್ರು. ಬಿಡಿಸೋವರ್ಗೂ ಅವನ ಪಿಸ್ತೂಲಿಗೂ ನನಗೂ ಮಧ್ಯೆ ಇದ್ದಿದ್ದು ಇವರ ತಲೆ. ಇವರಿಗೆ ಅದು ಗೊತ್ತೂ ಇಲ್ಲ. ಸೊಂಟದಲ್ಲಿ ಪಿಸ್ತೂಲ್ ಇದ್ದಿದ್ರೆ ಇವರ ಕೈ ಅಲ್ಲಿಗೆ ಹೋಗ್ತಿತ್ತು, ನನ್ನ ಹತ್ರ ಬರ್ತಿರ್ಲಿಲ್ಲ. ನಾವಿಬ್ರೂ ಅಲ್ಲೇ ಹೋಗ್ತಿದ್ವಿ."

"ಹಾಗಾದರೆ ಸರ ಹೋದ ಕತ್ತಿನಲ್ಲಿ ಇನ್ನೂ ಈ ದಾರ? ಹೊಸ ಸರ ಮಾಡಿಸಿಕೊಳ್ಳಲಿಲ್ಲ ಯಾಕೆ?"

"ಇದು ಕಳ್ಳನಿಗೆ ಬೇಡ, ನನಗೆ ಸಾಕು. ಇವರು ಉಳಿದರಲ್ಲ. ಲೈಸೆನ್ಸ್ ಕೊಡಬೇಡಿ ಮೇಡಂ. ನನ್ನ ಒಪ್ಪಿಗೆ ಇಲ್ಲ."

ಫಿಲೋಮಿನಾ ಹೊರಗೆ ಬಂದಾಗ ದ್ವಾರಕಾನಾಥರು ಎದ್ದು ನಿಂತರು. "ಕೇಳಿಸಿತಲ್ಲ? ಬೇಕಾದರೆ ನೀವು ಹಟ ಹಿಡಿದು ಮುಂದುವರಿಸಬಹುದು," ಎಂದರು ಆಕೆ. ದ್ವಾರಕಾನಾಥರು ಬೇಡವೆಂದು ತಲೆಯಾಡಿಸಿ, ಅರ್ಜಿ ವಾಪಸು ಪಡೆಯುತ್ತೇನೆ ಎಂದರು. ಆಕೆ ಅವರ ಕೈ ಕುಲುಕಿ ಹೊರಟುಹೋದರು.

ಒಳಗೆ ಹಂಸಾ ಲೋಟಗಳನ್ನು ಎತ್ತಿಡುತ್ತಿದ್ದರು. ಗಂಡನ ಮುಖ ನೋಡಿ, ಕೋಪ ಬಂದಿದೆ ಎಂದುಕೊಂಡು, "ಬೈಯೋದಿದ್ರೆ ಬೈದುಬಿಡಿ," ಅಂದರು.

"ನಂಗೆ ಇನ್ನೂ ಭಯ ಆಗತ್ತೆ ಕಣೇ, ಹಂಸಾ," ಅಂದರು ದ್ವಾರಕಾನಾಥರು. "ದಿನಾ ಗೇಟ್ ಹತ್ರ ಬಂದಾಗ ಕೈ ನಡುಗತ್ತೆ. ನೀನು ಹೇಡಿ ಅಂದ್ಕೋತೀಯ ಅಂತ ಹೇಳಿರಲಿಲ್ಲ."

"ನಂಗೂ ಆಗತ್ತೆ ರೀ. ನೀವು ಗಾಬರಿ ಆಗ್ತೀರ ಅಂತ ನಾನೂ ಹೇಳಿರಲಿಲ್ಲ," ಅಂದರು ಹಂಸಾ. ಲೋಟ ಕೆಳಗಿಟ್ಟು ಗಂಡನ ಪಕ್ಕದಲ್ಲಿ ಕೂತರು. ಇಬ್ಬರೂ ಅತ್ತರು, ತಾಳಿ ಹೋದ ಆ ಸಂಜೆಯಿಂದ ಒಮ್ಮೆಯೂ ಅತ್ತಿರಲಿಲ್ಲ.