ಟಿಟ್ವಾಳಾದ ಶೆಡ್ಡಿನಲ್ಲಿ ನುಂಗಿದ ಮಾತು

ನಿಮ್ಮ ಅಜ್ಜ ಹೋದ ಮೇಲೆ ಮಧ್ಯಾಹ್ನಗಳು ಉದ್ದವಾದವು. ಈ ಮರಾಠಿ ಊರು ಟಿಟ್ವಾಳಾದಲ್ಲಿ, ನಮ್ಮ ಬಿಲ್ಡಿಂಗಿನ ಹಿಂದೆ, ಒಂದು ಸಂಸ್ಥೆಯವರು ಶಾಲೆ ಬಿಟ್ಟ ಹೆಣ್ಣುಮಕ್ಕಳಿಗೆ ಹತ್ತನೆಯ ಪರೀಕ್ಷೆಗೆ ಪಾಠ ಹೇಳುತ್ತಿದ್ದರು. ಎರಡೇ ಕೋಣೆ. ನಾನು ಅಲ್ಲಿ ತರಕಾರಿ ಹೆಚ್ಚಿ, ಖಿಚಡಿ ಬಡಿಸಿ ಬರುತ್ತಿದ್ದೆ. ಊರಿನಲ್ಲಿ ಏಳನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಮಾತಾಡದೆ ಮಾಡಬಹುದಾದ ಕೆಲಸ ಎಂದೇ ಅದನ್ನು ಒಪ್ಪಿಕೊಂಡಿದ್ದೆ.

ಅಲ್ಲಿಗೆ ಬರುತ್ತಿದ್ದವರಲ್ಲಿ ಒಬ್ಬಳು ಕಲಬುರಗಿ ಕಡೆಯವಳು. ಹದಿನೈದು ವರ್ಷ. ಅಪ್ಪ ಅಮ್ಮ ಕಟ್ಟಡದ ಕೂಲಿಗಳು. ಗೆಳತಿಯರೊಡನೆ ಹಿಂದಿ, ನನ್ನೊಡನೆ ಕನ್ನಡ. "ಅಜ್ಜಿ, ನಿಮ್ಮ ಮಾತು ಪುಸ್ತಕದಾಗಿನ ಹಂಗ ಐತಿ ನೋಡ್ರಿ," ಎಂದು ನಗುತ್ತಿದ್ದಳು. ಒಂದು ವಾರ ಅವಳು ಬರಲಿಲ್ಲ. ಮದುವೆ ಗೊತ್ತಾಗಿದೆ ಎಂದು ಜೊತೆಯವರು ಹೇಳಿದರು.

ಸಂಸ್ಥೆಯ ಟೀಚರ್ ಮರಾಠಿಯವರು. ಹುಡುಗಿಯ ತಾಯಿಗೆ ಕನ್ನಡ ಬಿಟ್ಟರೆ ಬೇರೆ ತಿಳಿಯದು. ಹಾಗಾಗಿ ನನ್ನನ್ನು ಜೊತೆಗೆ ಕರೆದರು.

ಅವರದು ತಗಡಿನ ಶೆಡ್. "ಬರ್ರಿ ಅಮ್ಮಾರ, ಕುಂದರ್ರಿ. ನಮ್ಮ ಮಾತು ಆಡೋರು ಒಬ್ರು ಬಂದ್ರಲ್ಲ," ಎಂದು ತಾಯಿ ಇದ್ದ ಒಂದು ಕುರ್ಚಿಯನ್ನು ಟೀಚರಿಗೆ ಕೊಟ್ಟು, ನನ್ನನ್ನು ತನ್ನ ಪಕ್ಕದಲ್ಲೇ ಚಾಪೆಯ ಮೇಲೆ ಕೂರಿಸಿಕೊಂಡಳು. ಚಹಾ ಕೊಟ್ಟಳು. ಹುಡುಗಿ ಗೋಡೆಗೊರಗಿ ನಿಂತಿದ್ದಳು.

"ಹೊರಗಿನವಗೇನು ಕೊಡಾಕತ್ತಿಲ್ರಿ. ಇವರಪ್ಪನ ಅಕ್ಕನ ಮಗಗ. ಈಕಿ ಅಪ್ಪ ಮಾತು ಕೊಟ್ಟಾನ. ನಾವಿಬ್ರೂ ಕೆಲಸಕ್ಕ ಹೋದ್ರ ಈಕಿ ಇಲ್ಲಿ ಒಬ್ಬಾಕಿ. ಬಾಗಿಲಂದ್ರ ನೋಡ್ರಿ, ಒಂದು ತಗಡು."

ಟೀಚರ್ ನನ್ನತ್ತ ಬಾಗಿ, ತಗ್ಗಿದ ದನಿಯಲ್ಲಿ ಹಿಂದಿಯಲ್ಲಿ ಸರಸರನೆ ಹೇಳಿದರು: ಹದಿನೆಂಟಕ್ಕೆ ಮೊದಲು ಮದುವೆ ಅಪರಾಧ. ಮಾಡಿದರೆ ಪೊಲೀಸರಿಗೆ ತಿಳಿಸುತ್ತೇವೆ, ಅಪ್ಪ ಅಮ್ಮ ಇಬ್ಬರ ಮೇಲೂ ಕೇಸಾಗುತ್ತದೆ. ಹುಡುಗಿಯನ್ನು ಸಾನಪಾಡಾದ ಹಾಸ್ಟೆಲಿನಲ್ಲಿ ಖರ್ಚಿಲ್ಲದೆ ಇರಿಸುತ್ತೇವೆ. "ಮಾವ್ಶಿ, ಸಾಫ್ ಸಾಫ್ ಬೋಲೋ," ಎಲ್ಲ ಸ್ಪಷ್ಟವಾಗಿ ಹೇಳಿ, ಎಂದರು.

ಹಾಸ್ಟೆಲಿನ ವಿಷಯ ಹೇಳಿದೆ. ಪೊಲೀಸರ ಮಾತು ಬಾಯಿಗೆ ಬರಲಿಲ್ಲ. ಅವಳು ಕೊಟ್ಟ ಲೋಟ ನನ್ನ ಕೈಯಲ್ಲಿತ್ತು. ಒಬ್ಬರ ಮನೆಯಲ್ಲಿ ಕೂತು, ಅವರು ಕೊಟ್ಟದ್ದನ್ನು ಕುಡಿಯುತ್ತ ಅಂಥ ಮಾತಾಡುವ ರೂಢಿ ನಮ್ಮೂರಲ್ಲಿರಲಿಲ್ಲ. ಇನ್ನೊಂದೂ ಇದೆ, ನಿಮ್ಮಿಂದ ಮುಚ್ಚಿಡಬಾರದು. ನನ್ನ ಮದುವೆಯೂ ಹದಿನಾರಕ್ಕೇ ಆಗಿತ್ತು, ನಾನೇನು ಸತ್ತೆನೇ ಎಂದು ಮನಸ್ಸಿನ ಮೂಲೆಯಲ್ಲಿ ಅನ್ನಿಸಿತು.

"ಇನ್ನು ಎರಡು ಮೂರು ವರ್ಷ ಕಾದ್ರೆ ಒಳ್ಳೇದು ಅಂತ ಹೇಳ್ತಾರೆ," ಎಂದೆ. ಅಷ್ಟೆ.

ಹುಡುಗಿಗೆ ಎರಡೂ ಭಾಷೆ ಬರುತ್ತಿತ್ತು. ಟೀಚರ್ ಹೇಳಿದ್ದೂ ಕೇಳಿಸಿತ್ತು, ನಾನು ಹೇಳಿದ್ದೂ ಕೇಳಿಸಿತು. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಉಳಿದದ್ದನ್ನು ಹೇಳುತ್ತೇನೆಂದು ಕಾದಳು. ತಾಯಿಯ ಮುಂದೆ ಅದನ್ನು ಅವಳೇ ಹೇಳುವಂತಿರಲಿಲ್ಲ. ನಾನು ಚಹಾ ಮುಗಿಸಿದೆ.

ದಾರಿಯಲ್ಲಿ, ಎಲ್ಲ ಹೇಳಿದಿರಲ್ಲ ಎಂದು ಟೀಚರ್ ಕೇಳಿದರು. ಹೂಂ ಎಂದೆ.

ಮುಂದಿನ ವಾರ ಟೀಚರ್ ಮತ್ತೆ ಹೋದಾಗ ಶೆಡ್ ಖಾಲಿಯಾಗಿತ್ತು. ಅವರ ಹಳ್ಳಿಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ತಿಂಗಳು ಕಳೆದು ಗಂಡ ಹೆಂಡತಿ ಇಬ್ಬರೇ ಮರಳಿದರು. ತರಕಾರಿ ಸಂತೆಯಲ್ಲಿ ತಾಯಿ ನನ್ನ ಕೈ ಹಿಡಿದುಕೊಂಡಳು.

"ಮದವಿ ಮುಗದು ಹೋತ್ರಿ ಅಮ್ಮಾರ. ನನಗ ಮನಸ್ಸಿರಲಿಲ್ಲ. ಆಕಿ ಅಪ್ಪ ಪೊಲೀಸ್ ಅಂದ್ರ ಭಾಳ ಅಂಜತಾನ. ಆವತ್ತು ನಿಮ್ಮ ಸಾಲಿ ಬಾಯಾರು ಅಷ್ಟಾರ ಗದರಿಸಿದ್ರ, ಅದನ್ನ ಮುಂದ ಮಾಡಿ ನಿಲ್ಲಸ್ತಿದ್ನಿ. ಅವರು ಭಾಳ ಮೆತ್ತಗ ಮಾತಾಡಿದ್ರು."

ನಾನು ಕೈ ಬಿಡಿಸಿಕೊಂಡು ಬಟಾಣಿ ತೂಗಿಸಿಕೊಂಡೆ.

ಆ ವಾರವೇ ಟೀಚರ್ ಸಂಸ್ಥೆಯ ವರದಿಯಲ್ಲಿ ಈ ಹುಡುಗಿಯ ಬಗ್ಗೆ ಬರೆದು, ಜೊತೆಯ ಟೀಚರುಗಳಿಗೆ ಓದಿ ಹೇಳಿದರು: ಕೇಸಾಗುತ್ತದೆ ಎಂದು ತಾಯಿಗೆ ಸ್ಪಷ್ಟವಾಗಿ ತಿಳಿಸಲಾಗಿತ್ತು, ಗೊತ್ತಿದ್ದೂ ಮಾಡಿದ್ದಾಳೆ. "ಇಂಥಾ ತಾಯಂದಿರೂ ಇರುತ್ತಾರೆ," ಎಂದು ಮರಾಠಿಯಲ್ಲಿ ಸೇರಿಸಿದರು. ನಾನು ಅಲ್ಲೇ ಕೂತು ಬಟಾಣಿ ಬಿಡಿಸುತ್ತಿದ್ದೆ. ಟೀಚರ್ ಸಹಿ ಹಾಕುವವರೆಗೂ ಬಿಡಿಸುತ್ತಲೇ ಇದ್ದೆ.